ರಬ್ಬರು

ಜಾವಗಲ್ಲಿನ ಸರ್ಕಾರಿ ಶಾಲೆ, ಏಳನೇ ತರಗತಿ.
ಮುಂದೆ ನೆಲಕ್ಕೆ ಕೂತವರು, ನಡುವೆ ಕುರ್ಚಿಯಲ್ಲಿ ಮೇಷ್ಟ್ರುಗಳು,
ಹಿಂದೆ ಬೆಂಚು ಹತ್ತಿ ನಿಂತ ಉದ್ದದವರು.
ಸ್ಲೇಟಿನ ಮೇಲೆ ಹೆಡ್ ಮೇಡಂ ಪದ್ಮಾಕ್ಷಿಯವರ ಗುಂಡಕ್ಷರ:
ಗಂಡು ಹತ್ತೊಂಬತ್ತು, ಹೆಣ್ಣು ಇಪ್ಪತ್ತೆರಡು.

"ಯಾರೂ ಕಣ್ಣು ಮಿಟುಕಿಸಬೇಡಿ" ಅಂದೆ.
ಒತ್ತಿದೆ.
ಮಿಟುಕಿಸಿದ್ದು ಕ್ಯಾಮೆರಾ.
ಕರೀ ಪರದೆ, ಅದರ ಮೇಲೆ ಬಿಳೀ ಅಕ್ಷರ.
ಇಂಗ್ಲಿಷಿನಲ್ಲಿ ತುಂಬಾ ಗಂಭೀರವಾಗಿ ಏನೇನೋ ಬರೆದಿತ್ತು,
ನನಗೆ ಅರ್ಥವಾದದ್ದು ಇಷ್ಟು:
ಕ್ಯಾಮೆರಾಕ್ಕೂ ಲೆನ್ಸಿಗೂ ಮಾತಿಲ್ಲ.

ಬೆಳಿಗ್ಗೆ ಬಾಣಾವರ ಬಿಡುವಾಗ ಚೆನ್ನಾಗೇ ಇದ್ದರಲ್ಲ ಇಬ್ಬರೂ,
ಒಂದೇ ಬ್ಯಾಗಿನಲ್ಲಿ, ಒಂದೇ ಟವಲು ಸುತ್ತಿಕೊಂಡು,
ಸ್ಕೂಟರಿನಲ್ಲಿ ನನ್ನ ಕಾಲ ಸಂದಿಯಲ್ಲಿ
ಗುಂಡಿ ರಸ್ತೆಯುದ್ದಕ್ಕೂ ಒಟ್ಟಿಗೇ ಕುಲುಕಿಕೊಂಡು.

ಆಫ್ ಮಾಡಿದೆ, ಆನ್ ಮಾಡಿದೆ.
ಬ್ಯಾಟರಿ ತೆಗೆದು ಪ್ಯಾಂಟಿಗೆ ಉಜ್ಜಿದೆ. ಕಾರ್ಡು ತೆಗೆದು ಊದಿದೆ.
ಲೆನ್ಸು ಬಿಚ್ಚಿ ಟಕ್ಕೆಂದು ಮತ್ತೆ ಕೂರಿಸಿದೆ.
ಅದೇ ಬಿಳೀ ಅಕ್ಷರ.
ಮೊದಲ ಸಾಲಿನಲ್ಲಿ ಯಾರೋ ಆಕಳಿಸಿದರು,
ಅದು ಕೊನೆಯ ಬೆಂಚಿನವರೆಗೂ ಹೋಯಿತು.

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಜಬೀವುಲ್ಲಾ ಅಂತ,
ನಲವತ್ತು ವರ್ಷದಿಂದ ಕ್ಯಾಮೆರಾ ಬಿಚ್ಚುತ್ತಿರುವವರು.
ಫೋನು ಹಚ್ಚಿದೆ. ಆ ಕಡೆ ಕುಕ್ಕರಿನ ಸೀಟಿ.
"ಏನು ತೋರಿಸ್ತಿದೆ?"
"ಜೀರೋ ಒನ್."
"ಹಾಂ. ಮೊದಲು ನೀನು ಆಫ್ ಆಗು.
ಕೈ ನಡುಗ್ತಿದ್ರೆ ಮುಟ್ಟಬೇಡ ಅದನ್ನ.
ನೆರಳಿಗೆ ತಗೊಂಡ್ಹೋಗಿ ಲೆನ್ಸಿನ ಬೆನ್ನು ನೋಡು.
ರಾಗಿ ಕಾಳಿನಂಥ ಚಿನ್ನದ ಚುಕ್ಕಿ ಎಷ್ಟಿವೆ?"
"ಎಂಟು."
"ಎಲ್ಲಾ ಒಂದೇ ಬಣ್ಣಾನಾ?"
"ಏಳು ಚಿನ್ನ. ಒಂದು... ತೊಳೀದ ಹಿತ್ತಾಳೆ ಥರ."
"ಅದೇ ನಿನ್ನ ಬೆವರು. ಯಾವ ಮದುವೇದೋ ಏನೋ.
ಶಾಲೇಲಿ ತಾನೆ ಇರೋದು? ಒಂದು ರಬ್ಬರ್ ಇಸ್ಕೊ.
ಇಂಕ್ ಅಳಿಸೋದು ಬೇಡ, ಅದು ಚರ್ಮ ಸುಲಿಯತ್ತೆ. ಮೆತ್ತಂದು."

"ರಬ್ಬರ್ ಇದೆಯೇನ್ರೋ ಯಾರ ಹತ್ರಾನಾದ್ರೂ?"
ಮೂರೂ ಸಾಲು ಒಡೆದವು.
ಕಚ್ಚಿದವು ಬಂದವು, ಹೆಸರು ಕೊರೆದವು,
ಕಂಪಾಸಿನ ಮುಳ್ಳು ಚುಚ್ಚಿ ಜರಡಿಯಾದವು,
ಮೂವರು ಹಂಚಿಕೊಂಡ ಒಂದರ ಮೂರನೇ ಪಾಲು.
ಕವರು ಬಿಚ್ಚದ್ದನ್ನು ಚಾಚಿದವಳು ಲಿಖಿತಾ.
"ಸ್ಟ್ರಾಬೆರಿ ವಾಸನೇದು ಅಣ್ಣ. ಪೂರ್ತಿ ಸವೆಸಬೇಡಿ."

ಹೊಂಗೆಮರದ ಕೆಳಗೆ ಕೂತು
ಒಂದೊಂದೇ ಚುಕ್ಕಿ ಉಜ್ಜಿದೆ, ತಪ್ಪು ಲೆಕ್ಕ ಅಳಿಸುವ ಹಾಗೆ.
ಮರದ ನೆರಳಿನ ಮೇಲೆ ತಲೆಗಳ ನೆರಳು.
"ಇದರೊಳಗೆ ಕನ್ನಡಿ ಯಾಕಿದೆ, ಅದೂ ತಲೆ ಬಾಚ್ಕೊಳತ್ತಾ?"
ಅಷ್ಟರಲ್ಲಿ ಅತ್ತ ಮೇಡಂ ಚಪ್ಪಲಿ ಬಿಟ್ಟು
ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು.
ಎಂದೂ ನಗದ ಪಿ.ಟಿ. ಮೇಷ್ಟ್ರು, ಯಾರದೋ ಮಾತಿಗೆ,
ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದರು.
ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು, ಬಾಯಲ್ಲಿ ರಿಬ್ಬನ್ನು.
ಬೆಳಕೋ, ಹೇಳಬಾರದು ಅಷ್ಟು ಚೆನ್ನಾಗಿತ್ತು.
ನನ್ನ ಕೈಯಲ್ಲಿ ಎರಡು ತುಂಡಾದ ಕ್ಯಾಮೆರಾ.

ಗೇಟಿನಲ್ಲಿ ಏದುಸಿರು.
ಸೈಕಲ್ಲಿನ ಚೈನು ಮೂರು ಸಲ ಕಳಚಿ
ಮೊಣಕೈವರೆಗೂ ಗ್ರೀಸಾದ ತೀರ್ಥೇಶ.
"ಮುಗೀತಾ?" ಅಂದ.
ಯಾರೂ ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ
ಯಾವ ಸಾಲಿನಲ್ಲೂ ಅವನಿಗೆಂದು ಜಾಗ ಬಿಟ್ಟಿರಲಿಲ್ಲ.
ಮೇಡಂ ಹೆಬ್ಬೆರಳು ಒದ್ದೆ ಮಾಡಿಕೊಂಡು
ಹತ್ತೊಂಬತ್ತನ್ನು ಒರೆಸಿ ಇಪ್ಪತ್ತು ಬರೆದರು.

ಲೆನ್ಸು ಕೂರಿಸಿದೆ. ಆನ್.
ಬಿಳೀ ಅಕ್ಷರವಿಲ್ಲ. ಶಾಲೆ ಕಂಡಿತು.
ಮೊದಲನೆಯದರಲ್ಲಿ ತೀರ್ಥೇಶನ ಕಣ್ಣು ಮುಚ್ಚಿತ್ತು.
ಎರಡನೆಯದು ಎಲ್ಲ ಸರಿ ಅಂತ ಹೊರಟುಬಂದೆ.

ರಾತ್ರಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಒಂದೊಂದೇ ಮುಖ ನೋಡುತ್ತಾ ಬಂದೆ.
ನಲವತ್ತೊಂದು ಮಕ್ಕಳು ಲೆನ್ಸನ್ನು ನೋಡುತ್ತಿದ್ದಾರೆ.
ಲಿಖಿತಾಳ ಕಣ್ಣು ಮಾತ್ರ ಒಂದು ಗೇಣು ಕೆಳಗೆ,
ನನ್ನ ಶರ್ಟಿನ ಜೇಬಿನ ಮೇಲೆ.

ಮುಟ್ಟಿ ನೋಡಿಕೊಂಡೆ.
ಮನೆಯೆಲ್ಲ ಸ್ಟ್ರಾಬೆರಿ.