ಕೌಲ್‌ಬಜಾರಿನ ಮೂರನೇ ಕ್ಲಾಸು

ಜೂನ್ ತಿಂಗಳ ಎರಡನೇ ಸೋಮವಾರ
ತಸ್ನೀಮ್ ಬಂದಳು, ಬಗಲಲ್ಲಿ ಜೀನ್ಸ್ ತುಂಡುಗಳ ಚೀಲ.
ಗದ್ದಲ. ಎಂದಿನಂತೆ ತುಟಿಗೆ ಬೆರಳಿಟ್ಟೆ,
ಹಾಜರಿ ಕೂಗಿದೆ: ಎರ್ರಿಸ್ವಾಮಿ, ಗಾದಿಲಿಂಗ, ಹುಲಿಗೆಮ್ಮ.
ಅವಳ ಹೆಸರಿಗೆ ಬಂದಾಗ
ಗೋಡೆಗೆ ಕೂಗಿದ ಹಾಗಾಯಿತು.
ಮೂರು ಸಲ ಕೂಗಿದೆ. ಮೂರನೆಯದು ಜೋರಾಗಿ.
ಈಗ ನೆನೆದರೆ ನಾಚಿಕೆ.
ಅವಳು ಕಿಟಕಿಯಾಚೆ ನೋಡುತ್ತಿದ್ದಳು
ಸೈಕಲ್ಲಿಗೆ ಕಟ್ಟಿದ ಪ್ಯಾಂಟುಗಳ ಗಂಟು,
ಕಾಲಿದ್ದೂ ನಡೆಯಲಾರದ ಇಪ್ಪತ್ತು ಜೋಡಿ.

ಶುಕ್ರವಾರ ಬಂದಳು ಅವಳ ಚಿಕ್ಕಮ್ಮ, ಖಮರುನ್ನೀಸಾ.
ಹುಟ್ಟಿನಿಂದ ಕಿವಿ ಕೇಳದವಳು,
ಜೀನ್ಸ್ ಕಾರ್ಖಾನೆಯಲ್ಲಿ ಜೇಬು ಹೊಲಿಯುತ್ತಾಳೆ,
ಜೇಬಿಗಿಷ್ಟು ಎಂದು ಕೂಲಿ.
ನಲವತ್ತು ಮಿಶಿನ್ನು ಒಟ್ಟಿಗೆ ಕುಟ್ಟುವಾಗ
ಅಲ್ಲಿ ಕಿವಿಯಿದ್ದವರೂ ಅವಳನ್ನೇ ನೋಡಿ ಕಲಿತಿದ್ದಾರೆ:
ದಾರ ಮುಗೀತು, ಸೂಪರ್‌ವೈಸರ್ ಬಂದ,
ನಿನ್ನ ಮಗನ ಜ್ವರ ಬಿಟ್ಟಿತೇ.
ಹತ್ತು ಬೆರಳೂ ನೀಲಿ. ಎಷ್ಟು ತೊಳೆದರೂ ಹೋಗದ ನೀಲಿ.

ಕಲಿಸುತ್ತೀರಾ ಎಂದು ನಾನು ಬಾಯಲ್ಲಿ ಕೇಳಿದೆ.
ಅವಳು ನನ್ನ ಕೈ ಹಿಡಿದು
ಚಾಕ್‌ಪೀಸು ತೆಗೆದು ಮೇಜಿನ ಮೇಲಿಟ್ಟಳು.
ಕೈ ಖಾಲಿ ಇರಬೇಕಂತೆ, ಮಾತಾಡಲು.

ಅಂದಿನಿಂದ ವಾರಕ್ಕೊಂದು ಪೀರಿಯಡ್ಡು.
ನೀರು. ಅನ್ನ. ಅಮ್ಮ. ನೋವು.
ಮಿರ್ಚಿ ಎಂದರೆ ನಾಲಿಗೆ ಚಾಚಿ ಗಾಳಿ ಬೀಸಿಕೊಳ್ಳುವುದು,
ಇದು ಅವಳು ಹೇಳಿಕೊಟ್ಟದ್ದಲ್ಲ, ಹುಡುಗರದೇ ಸ್ವಂತ.
ಊರಿನ ಹೆಸರು ಬೆರಳಲ್ಲಿ ಬರೆಯಲು ಹೋಗಿ ನಾನು ಸೋತೆ:
ಬ ಆಯಿತು; ಳಕಾರದ ಕಾಲಡಿ ಇನ್ನೊಂದು ಳ,
ಬೆರಳಿನ ಕೆಳಗೆ ಬೆರಳು ತೂರಿಸುವುದು ಹೇಗೆ?
ಖಮರುನ್ನೀಸಾ ನಕ್ಕಳು. ಹೊರಗೆ ತೋರಿಸಿ
ಮುಷ್ಟಿ ಕಟ್ಟಿ ಎತ್ತಿದಳು,
ಬೋಳು ಕಲ್ಲಿನ ಗುಡ್ಡ.
ಆಯಿತು ಬಳ್ಳಾರಿ, ಒತ್ತಕ್ಷರವಿಲ್ಲದೆ.

ಗಾದಿಲಿಂಗ ಮರುದಿನ ಇಂಕಿನ ಬಾಟಲಿಯಲ್ಲಿ
ಹತ್ತೂ ಬೆರಳು ಅದ್ದಿಕೊಂಡು ಬಂದ.
"ನೀಲಿ ಇದ್ರೇನೇ ಬರಾದಲ್ಲ ಮಿಸ್?"
ಅವನ ಯೂನಿಫಾರ್ಮು ಇವತ್ತಿಗೂ ಸಾಕ್ಷಿ.

ಹಬ್ಬದ ಆರ್ಡರಿನ ಕಾಲ, ಎರಡು ಶುಕ್ರವಾರ ಅವಳು ಬರಲಿಲ್ಲ.
ನಾನೇ ನಿಂತೆ. ನಾಳೆ ರಜೆ ಎನ್ನಲು ಹೋಗಿ
ನಾಳೆ ನೋವು ಎಂದೆನಂತೆ. ಹುಲಿಗೆಮ್ಮ ಅತ್ತಳು.
ತಸ್ನೀಮ್ ಎದ್ದು ಬಂದು ನನ್ನ ಹೆಬ್ಬೆರಳು ತಿದ್ದಿದಳು,
ನಾನು ಅವಳ ಅ ಆ ಇ ಈ ತಿದ್ದುವ ಹಾಗೆಯೇ,
ಸ್ವಲ್ಪ ಒರಟಾಗಿ.

ಕಾಪಿ ಹೊಡೆಯಲೂ ಅದೇ ಭಾಷೆ ಎಂದು
ನನಗೆ ಗೊತ್ತಾದದ್ದು ಪರೀಕ್ಷೆಯ ದಿನ.
ಏಳರ ಮಗ್ಗಿ ಬೆಂಚಿನಡಿ ಓಡಾಡುತ್ತಿತ್ತು.
ಬೈಯಲು ಬಾಯಿ ತೆರೆದೆ, ಮುಚ್ಚಿದೆ.
ಬೆಂಚಿನಡಿ ಇದ್ದದ್ದು ತಸ್ನೀಮಳ ಕೈ.
ಎಲ್ಲರೂ ಅವಳನ್ನು ಕೇಳುತ್ತಿದ್ದರು.

ಹೆಡ್‌ಮಾಸ್ಟರ್ ಪಂಪಾಪತಿ ಸಾರು ಬಾಗಿಲಿಗೆ ಬಂದರು,
ಕ್ಲಾಸು ಬಿಟ್ಟು ಎಲ್ಲಿ ಹೋದಳು ಈ ಟೀಚರಮ್ಮ ಎಂದು.
ಅಷ್ಟು ನಿಶ್ಶಬ್ದ. ಒಳಗೆ ನಲವತ್ತೆರಡು ಮಕ್ಕಳು
ಜಗಳವಾಡುತ್ತಿದ್ದರು.

ಆಮೇಲೆ ಹೆಸರಿಡುವ ಶುಕ್ರವಾರ.
ಹುಲಿಗೆಮ್ಮನಿಗೆ ಮೂಗುತಿ, ಎರ್ರಿಸ್ವಾಮಿಗೆ ಗದ್ದದ ಗಾಯ,
ಗಾದಿಲಿಂಗನಿಗೆ ಅದ್ದಿದ ಬೆರಳು.
ನನಗೆ? ಎಂದೆ.
ಖಮರುನ್ನೀಸಾಳ ಕೈ ಹೇಳಿತು: ನಿಮಗೆ ಎಂದೋ ಇಟ್ಟಾಗಿದೆ.
ಹುಡುಗಿ ಎದ್ದು ನಿಂತು
ತೋರುಬೆರಳು ತುಟಿಯ ಮೇಲಿಟ್ಟಳು.

ಸುಮ್ಮನಿರಿ.
ಹದಿನಾರು ವರ್ಷ ದಿನಕ್ಕೆ ನೂರು ಸಲ ನಾನು ಮಾಡಿದ್ದು.
ಮೊದಲ ದಿನ ಕಂಡು
ನನ್ನ ಹೆಸರೆಂದೇ ತಿಳಿದಿದ್ದಳು.
ಬದಲಿಸು ಎನ್ನಬಹುದಿತ್ತು. ಎನ್ನಲಿಲ್ಲ.
ಹೆಸರು ಇಟ್ಟವರದು, ಹೊತ್ತವರದಲ್ಲ.

ನಿನ್ನೆ ಮೋತಿ ಸರ್ಕಲ್ಲಿನ ಹತ್ತಿರ
ಆಟೋ ಹಾರನ್ನು, ಲಾರಿ, ಕೆಂಪು ಧೂಳು,
ಆಚೆ ಬದಿಯಿಂದ ಯಾರೋ ಕರೆದಂತಾಯಿತು.
ನೋಡಿದರೆ ಒಂದು ಪುಟ್ಟ ಬೆರಳು, ತುಟಿಯ ಮೇಲೆ.
ಪಕ್ಕದ ಹೂವಿನವಳು ನಕ್ಕಳು,
ಟೀಚರಿಗೇ ಸುಮ್ಕಿರು ಅಂತೈತಲ್ಲ ಈ ಹುಡ್ಗಿ.
ತರಕಾರಿ ಚೀಲ ಕೆಳಗಿಟ್ಟೆ,
ಕೈ ಖಾಲಿ ಮಾಡಿಕೊಂಡೆ.
ಹಾಜರ್, ಎಂದೆ.
ಎರಡು ಈರುಳ್ಳಿ ಉರುಳಿ ರಸ್ತೆಗೆ ಹೋದವು.