ಸಂಶಯದ ಲಾಭ

ಜೋರ್‌ಹಾಟಿನ ಕೋರ್ಟು ಬಾಗಿಲು ಹಾಕಿದ ಮೇಲೆ
ಮನೆಗೆ ಬಂದು, ಕರಿಕೋಟು ಮೊಳೆಗೆ ಸಿಕ್ಕಿಸಿ,
ಬಾವಿಕಟ್ಟೆಯಲ್ಲಿ ಮೂರು ಕೊಡ ಸುರಿದುಕೊಂಡು
ದೇಉತಾ ಒಳಗೆ ಬರುತ್ತಿದ್ದರು: ಒದ್ದೆ ಕಿವಿ, ಬಿಳಿ ಧೋತಿ,
ಹೆಗಲಿಗೆ ಕೆಂಪಂಚಿನ ಗಮೋಸಾ.
ಅಪ್ಪನನ್ನು ನಮ್ಮಲ್ಲಿ ಹಾಗೇ ಕರೆಯುವುದು, ದೇಉತಾ;
ಅದರಲ್ಲಿ ದೇವರೆಷ್ಟು, ಅಪ್ಪನೆಷ್ಟು,
ಅಳೆದು ನೋಡಿದವರಿಲ್ಲ.

ಮನೆಯಲ್ಲಿ ವಿಗ್ರಹವಿರಲಿಲ್ಲ.
ಮೆಟ್ಟಿಲು ಮೆಟ್ಟಿಲಾಗಿ ಏರುವ ಮರದ ಪೀಠ,
ಅದರ ನೆತ್ತಿಯ ಮೇಲೆ ಪೋಥಿ.
ಅಗರು ಮರದ ತೊಗಟೆಯ ಹಾಳೆ, ಹರಿತಾಳದ ಹಳದಿ,
ಅಳಲೆಕಾಯಿ ಕುದಿಸಿದ ಮಸಿ,
ಮುತ್ತಜ್ಜನ ಅಜ್ಜ ಬಿಟ್ಟುಹೋದ ಇರುವೆಸಾಲು.
ಕಟ್ಟಿದ ದಾರ ಹಳತಾಗಿ ಕಡಿದಾಗ
ಫೈಲು ಕಟ್ಟುವ ಕೆಂಪು ಲಾಡಿಯನ್ನೇ ತಂದು ಬಿಗಿದರು.
'ಅಲ್ಲಿಯೂ ಬಾಕಿ, ಇಲ್ಲಿಯೂ ಬಾಕಿ' ಎಂದರು.

ಬಾಗಿಲ ಹಲಗೆ: ಲೋಹಿತೇಶ್ವರ ಮುಕ್ತಿಯಾರ್, ವಕೀಲರು.
ಹೆಸರಲ್ಲೇ ಮುಕ್ತಿಯಿದೆಯಲ್ಲ ಎಂದು ಯಾರಾದರೂ ನಕ್ಕರೆ
'ಅದು ಕಕ್ಷಿದಾರರಿಗೆ. ನನಗೆ ಬರೀ ತಾರೀಖು.'

ಭಾದೊ ತಿಂಗಳ ಸಂಜೆ ನಾಮಘರದಲ್ಲಿ ಅರ್ಥ ಹೇಳುವಾಗ
ಒಳಗಿನ ವಕೀಲ ಸುಮ್ಮನಿರುತ್ತಿರಲಿಲ್ಲ.
ಕಂಬದ ಕತೆ ಬಂತೆಂದರೆ ಬೆರಳೆತ್ತುವರು:
'ಇರುವುದೊಂದೇ ಸಾಕ್ಷಿ. ಅದೂ ಎಳೆ ಹುಡುಗ.
ಅದೂ ಎದುರಾಳಿಯ ಸ್ವಂತ ಮಗ.
ಯಾವ ನ್ಯಾಯಾಧೀಶ ಒಪ್ಪಿಯಾನು?'
ಚಾಪೆಯ ಮೇಲಿನ ಮುದುಕಿಯರು ಉಸಿರು ಹಿಡಿಯುವರು.
ಆಗ, ಬಲು ಮೆಲ್ಲಗೆ: 'ಕಂಬ ಒಪ್ಪಿತು.'
ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ಕಣ್ಣಲ್ಲಿ ಅದೇ ನೀರು;
ಹದಿನಾರು ತುಂಬಿದ ಮೇಲೆ ನನಗೆ ನಾಚಿಕೆಯಾಗುತ್ತಿತ್ತು.

ಒಂದು ಕೇಸು ಮಾತ್ರ ಅವರನ್ನು ಬಿಡಲಿಲ್ಲ.
ಮಾಜುಲಿಯ ಅಣ್ಣತಮ್ಮ, ನಾಲ್ಕು ಬಿಘಾ ಸಾಸಿವೆ ಹೊಲ,
ಹತ್ತೊಂಬತ್ತು ವರ್ಷ.
ತೀರ್ಪು ಬರುವಷ್ಟರಲ್ಲಿ ನದಿ ಬಂದಿತ್ತು.
ಗೆದ್ದ ಕಾಗದ ಹಿಡಿದು ದೋಣಿಯೇರಿದರು;
ಅಂಬಿಗ ನಡುನೀರಲ್ಲಿ ಹುಟ್ಟು ನಿಲ್ಲಿಸಿ
'ಇದೇ, ಉಕೀಲ್‌ಬಾಬು, ಆ ಹೊಲ' ಎಂದನಂತೆ.
ಅಣ್ಣತಮ್ಮ ಒಂದೇ ದೋಣಿಯಲ್ಲಿದ್ದರಂತೆ, ಇಬ್ಬರಿಗೂ ಒಂದೇ ಬೀಡಿ.
ಮರಳಿ ಬಂದವರು ಎರಡು ದಿನ ಪೋಥಿ ಬಿಚ್ಚಲಿಲ್ಲ.
ಫೀಸು ತೆಗೆದುಕೊಂಡಿದ್ದರೇ? ಅಮ್ಮ ಕೇಳಲಿಲ್ಲ. ನಾನೂ.

ಈಗ ನನ್ನ ಮಾತು.
ತಿಂಗಳ ಆ ದಿನಗಳಲ್ಲಿ ಪೀಠದ ಕೋಣೆಗೆ ನಾನು ಹೋಗುವಂತಿರಲಿಲ್ಲ.
ಕಾನೂನಿನ ದಪ್ಪ ಸಂಪುಟಗಳನ್ನು ಮುಟ್ಟಬಹುದಿತ್ತು;
ಕೊಲೆ ಸುಲಿಗೆಗಳಿಗೆ ಮೈಲಿಗೆಯಿಲ್ಲ.
ಒಂದು ಮಧ್ಯಾಹ್ನ, ತಲೆಗೆ ಸಾಸಿವೆಯೆಣ್ಣೆ ತಿಕ್ಕಿದ ಕೈ ತೊಳೆಯದೆ
ಹೋದೆ. ಲಾಡಿ ಬಿಚ್ಚಿದೆ.
ಓದಲಿಕ್ಕಲ್ಲ. ಏನಾಗುವುದೋ ನೋಡಲಿಕ್ಕೆ.
ಏನೂ ಆಗಲಿಲ್ಲ.
ಹಾಳೆಯಂಚಿಗೆ ಹೆಬ್ಬೆರಳು ಮೂಡಿತು, ಅಷ್ಟೆ.

ಸಂಜೆ ಆ ಹಾಳೆಯನ್ನು ದೀಪಕ್ಕೆ ಹಿಡಿದರು.
ಹಿಡಿದೇ ಇದ್ದರು.
ಜೀವಮಾನವೆಲ್ಲ ಹೆಬ್ಬೆಟ್ಟು ಓದಿದ ಮನುಷ್ಯ.
ನನ್ನ ಕೈ ನೋಡಲಿಲ್ಲ, ಮುಖ ನೋಡಿದರು.
ಆಮೇಲೆ ಕೋರ್ಟಿನ ದನಿಯಲ್ಲಿ, ಗೋಡೆಗೆ:
'ಸಂಶಯದ ಲಾಭ ಆರೋಪಿಗೆ.'
ಲಾಡಿ ಕಟ್ಟಿದರು. ಊಟಕ್ಕೆ ಎದ್ದರು.

ಕ್ಷಮೆಯೋ ಅದು, ಹೇಡಿತನವೋ,
ಇಪ್ಪತ್ತು ವರ್ಷ ನನ್ನೊಳಗೇ ಎರಡೂ ಕಡೆ ವಾದಿಸಿದೆ.
ನಿಯಮ ಬದಲಾಗಲಿಲ್ಲ.
ಮುಂದಿನ ತಿಂಗಳೂ ಹೊಸಿಲಾಚೆಯೇ ಕೂತೆ.

ಅವರು ಹೋದ ಹದಿಮೂರನೆಯ ದಿನ ಗುಮಾಸ್ತ ಬೋಲೋರಾಮ್
ಕೋಟನ್ನು ಚೀಲದಲ್ಲಿ ತಂದುಕೊಟ್ಟ.
ಜೇಬಿನಲ್ಲಿ ಕನ್ನಡಕದ ಒಂಟಿ ಕಾಲು, ಬಾಡಿದ ವೀಳ್ಯ, ಒಂದು ಚೀಟಿ:
ಒಂದು ಮಗ್ಗುಲಿಗೆ ಪದ್ಯದ ಪಾದ, ಅನ್ವಯ ಕೂಡದ ಪದಕ್ಕೆ ಅಡಿಗೆರೆ,
ಇನ್ನೊಂದಕ್ಕೆ ಯಾರದೋ ಕೇಸು, ಮುಂದಿನ ತಾರೀಖು ಹನ್ನೊಂದು.
'ಹನ್ನೊಂದಕ್ಕೆ ಯಾರು ಹೋಗುವುದು?'
ಬೋಲೋರಾಮ್ ಅತ್ತದ್ದು ಅದೊಂದಕ್ಕೆ.

ಪೋಥಿ ಈಗ ನನ್ನಲ್ಲಿದೆ. ಯಾವ ದಿನ ಬೇಕಾದರೂ ಬಿಚ್ಚುತ್ತೇನೆ.
ಕಲೆ ಅಲ್ಲೇ ಇದೆ, ಹಳದಿಯ ಮೇಲೆ ತುಸು ಗಾಢ ಹಳದಿ.
ಹಾಳೆ ತಿರುವುವಾಗ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.
ಆ ಅಚ್ಚಿಗಿಂತ ಈಗ ನನ್ನ ಬೆರಳೇ ದೊಡ್ಡದು.