ಫ್ರೇಮಿನಂಗಡಿಯಲ್ಲಿ ಏಳು ಹೆಂಗಸರು

ಪಾಲಿಬೆಟ್ಟದ ಬಂಗಲೆ ಖಾಲಿಯಾದ ದಿನ
ರದ್ದಿಯ ಜೊತೆ ತೂಕಕ್ಕೆ ಬಂದವರು,
ತಾಮ್ರದ ತಗಡು ಕೊರೆದು ಅಚ್ಚೊತ್ತಿದ
ಏಳು ಹೆಂಗಸರು. ಒಬ್ಬೊಬ್ಬಳೂ ಒಂದು ವಿದ್ಯೆ.
ಅಡಿಬರಹ ಲ್ಯಾಟಿನ್; ಅರ್ಧ ಗೆದ್ದಲು ಓದಿ ಮುಗಿಸಿತ್ತು.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಮೊಯ್ದು ಬೀಡಿ ಆರಿಸಿ, ಕೈ ಒರೆಸಿಕೊಂಡು
ಒಬ್ಬೊಬ್ಬಳನ್ನೇ ಬೆಳಕಿಗೆ ಹಿಡಿದ.

‘ಇವಳು ಸಂಗೀತ,’ ಅಂದೆ. ‘ಕಾಲ ಬಳಿ ಹಂಸ.
ಅವರ ಕಡೆ ಅದು ಸಾಯುವಾಗ ಮಾತ್ರ ಹಾಡುತ್ತದಂತೆ.’
‘ಬಾತುಕೋಳಿ,’ ಅಂದ.

ಕತ್ತಿ ಹಿಡಿದ ವಾಗ್ಮಿತೆಯನ್ನು
ಕುಪ್ಯ ತೊಟ್ಟ ಮದುಮಗನ ಫೋಟೊಗೆ ಒರಗಿಸಿದ.
ಅವನ ಪೀಚೆಕತ್ತಿ ಒರೆಯಲ್ಲಿತ್ತು,
ಅವಳದಲ್ಲ.

ಚೇಳು ಹಿಡಿದ ತರ್ಕಕ್ಕೆ ನಕ್ಕ:
‘ನನ್ನ ಭಾವ ಜಾಗದ ಕೇಸಿಗೆ ಹೊರಡುವುದೇ ಹೀಗೆ,
ಬಾಲ ತನ್ನ ಕಡೆ ತಿರುಗದ ಹಾಗೆ.’

ವ್ಯಾಕರಣದ ಎದುರು ನಿಂತುಬಿಟ್ಟ.
ಒಂದು ಕೈಯಲ್ಲಿ ಬೆತ್ತ,
ಇನ್ನೊಂದರಲ್ಲಿ ಅರ,
ಮಡಿಲ ಬಳಿ ಬಾಯಿ ತೆರೆದ ಹುಡುಗ.
ನಾಲಗೆಯ ತಪ್ಪು ಉಜ್ಜಿ ತೆಗೆಯಲು ಎಂದು
ನಾನು ವಿವರಿಸಿದೆ, ಯಾಕೆ ವಿವರಿಸಿದೆನೋ.

ಮೂರನೇ ಕ್ಲಾಸಿನಲ್ಲಿ ಹಾಲಿಗೆ
ಮನೆಯ ಮಾತಿನ ‘ಪಾಲು’ ಅಂದು
ಅಂಗೈ ಊದಿಸಿಕೊಂಡು ಸ್ಕೂಲು ಬಿಟ್ಟವನಂತೆ.
ಅಷ್ಟು ಹೇಳಿ, ತನ್ನ ಅರ ಎತ್ತಿ
ಸಿಲ್ವರ್ ಓಕಿನ ಮೂಲೆಗೆ ಎರಡು ಸಲ ಎಳೆದ,
ಪುಡಿ ಊದಿದ, ಬೆರಳಿಟ್ಟು ನೋಡಿದ.
ಎಡಗಡೆಯ ಮೌಂಟು ಮಾತ್ರ
ಒಂದಿಂಚು ಒಳಕ್ಕೆ ತಂದ.

ಈಗ ನನ್ನ ಗೋಡೆಯ ವ್ಯಾಕರಣಕ್ಕೆ
ಕಾಣುವುದು ಒಂದೇ ಕೈ.
ಹುಡುಗನ ಬಾಯಿ ತೆರೆದೇ ಇದೆ,
ಹಾಲು ಅನ್ನುವುದಕ್ಕೋ
ಪಾಲು ಅನ್ನುವುದಕ್ಕೋ.